ಟೈಮಿಂಗ್ ಎಷ್ಟು ಅಂತ ಕೇಳಿದ್ಯಲ್ಲ ಮಾರಾಯ

ಶಿವಮೊಗ್ಗ, ಜೂನ್ 2025

ಲೇ ಮಾರಾಯ,

ಏಪ್ರಿಲ್ 27ನೇ ತಾರೀಕು ಬೆಳಿಗ್ಗೆ, ಬೆಂಗಳೂರಿನ 10 ಕಿಲೋಮೀಟರ್ ಓಟ ನಾನು ಮುಗಿಸಿದ್ಮೇಲೆ, ನೀನು "ಟೈಮಿಂಗ್ ಎಷ್ಟೋ?" ಅಂತ ಮೆಸೇಜ್ ಹಾಕಿದ್ದೆ, ನಾನು "ನೆಟ್‌ವರ್ಕ್ ಸರಿ ಇಲ್ಲ, ಆಮೇಲೆ ಹೇಳ್ತೀನಿ" ಅಂದೆ. ಬೆಂಗಳೂರಿನ ಕಬ್ಬನ್ ರೋಡಲ್ಲಿ ನಿಂತ್ಕೊಂಡು ನೆಟ್‌ವರ್ಕ್ ಇಲ್ಲ ಅಂದ್ರೆ ಯಾರು ನಂಬ್ತಾರೆ ಹೇಳು. ಆಮೇಲೆ ನೀನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ಒಂದೂವರೆ ತಿಂಗಳು ಕಳೀತು. ಈಗ ಇಲ್ಲಿ ಮಳೆ ಹಿಡ್ಕೊಂಡು ಹೊಯ್ತಾ ಇದೆ, ಮಂಡಿಯಲ್ಲಿ ಅಡಿಕೆ ವ್ಯಾಪಾರನೂ ಡಲ್ಲು, ಕರೆಂಟು ಬಂದು ಹೋಗಿ ಮಾಡ್ತಿದೆ, ಹಾಗಾಗಿ ಕೂತು ಪೂರ್ತಿ ಬೇಸಿಗೆ ಕಥೆನೇ ಬರೀತೀನಿ. ಟೈಮಿಂಗ್ ಮಧ್ಯದಲ್ಲೆಲ್ಲೋ ಬರುತ್ತೆ, ಮೊದ್ಲೇ ಅದನ್ನ ಹುಡ್ಕೊಂಡು ಕೆಳಗೆ ಹೋಗ್ಬೇಡ.

ಶುರು ಮಾರ್ಚಿಂದ ಮಾಡ್ಬೇಕು. ನೀನು ಪುಣೆಗೆ ಹೋದ್ಮೇಲೆ ಬೆಳಿಗ್ಗೆ ಐದೂ ಹತ್ತಕ್ಕೆ ಮಿಸ್ಡ್ ಕಾಲ್ ಕೊಡೋರು ಯಾರೂ ಇಲ್ಲ ಅಲ್ವ, ಡಿಸೆಂಬರ್ ಜನವರಿ ಎರಡೂ ತಿಂಗಳು ನಾನು ಕಂಬಳಿ ಒಳಗೇ ಇದ್ದೆ. ಫೆಬ್ರವರಿಯಲ್ಲಿ ಪ್ಯಾಂಟು ಬಿಗಿ ಆಯ್ತು ಅಂತ ಮತ್ತೆ ಶೂ ಹಾಕ್ದೆ. ನೆಹರು ಸ್ಟೇಡಿಯಂ ಹತ್ರ ಒಂದಿನ ನಮ್ಮ ಪಿ.ಟಿ. ಮೇಷ್ಟ್ರು ಸಿಕ್ರು, ನಿಂಗೆ ನೆನಪಿದ್ಯಾ, ಹೈಸ್ಕೂಲಲ್ಲಿ ವಿಸಿಲ್ ದಾರನ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚೋರಲ್ಲ, ಅವ್ರೇ. ರಿಟೈರ್ ಆಗಿ ಮೂರು ವರ್ಷ ಆಯ್ತಂತೆ, ಈಗ 63. ಬಿಳಿ ಕ್ಯಾನ್ವಾಸ್ ಹೋಗಿ ಒಳ್ಳೆ ಶೂ ಬಂದಿದೆ ಅನ್ನೋದು ಬಿಟ್ರೆ ಮನುಷ್ಯ ಹಾಗೇ ಇದಾರೆ. "ನೀನು ಯಾವ ಬ್ಯಾಚು?" ಅಂದ್ರು, ಹೇಳ್ದೆ. "ಹೊಟ್ಟೆ ನೋಡಿದ್ರೆ ಇನ್ನೂ ಹಳೇ ಬ್ಯಾಚ್ ತರ ಕಾಣುತ್ತೆ" ಅಂದ್ರು. ಅವತ್ತಿಂದ ನಾವಿಬ್ರೂ ಜೋಡಿ.

ಮಾರ್ಚ್ ಎರಡನೇ ಭಾನುವಾರ ಇಲ್ಲೇ ಊರಲ್ಲಿ ಒಂದು 10ಕೆ, ಅಂದ್ರೆ 10 ಕಿಲೋಮೀಟರ್ ಓಟ ಇಟ್ಟಿದ್ರು. ಯಾರು ಇಟ್ಟಿದ್ದು ಅಂತ ಹೇಳಲ್ಲ, ಅವ್ರೂ ನಮ್ಮೂರಿನೋರೇ, ನಾಳೆ ಮುಖ ನೋಡ್ಬೇಕು. ಆರು ಗಂಟೆಗೆ ಶುರು ಅಂತ ಹೇಳಿ ಮುಖ್ಯ ಅತಿಥಿಗಳು ಬರ್ಲಿಲ್ಲ ಅಂತ ಏಳೂ ಇಪ್ಪತ್ತರ ತನಕ ನಿಲ್ಸಿದ್ರು, ಅದ್ರಲ್ಲಿ ಜುಂಬಾ ಬೇರೆ, ನಾವೆಲ್ಲ ಓಡೋಕ್ ಮುಂಚೆನೇ ಕುಣ್ದು ಕುಣ್ದು ಬೆವರು ಖಾಲಿ ಮಾಡ್ಕೊಂಡ್ವಿ. ಮಾರ್ಚಲ್ಲಿ ಏಳೂ ಇಪ್ಪತ್ತು ಅಂದ್ರೆ ಬಿಸಿಲು ಆಗ್ಲೇ ಹೆಗಲ ಮೇಲೆ ಕೂತಿರುತ್ತೆ. ನಾನು ಏನ್ ಮಾಡ್ದೆ ಗೊತ್ತಾ, ಫೆಬ್ರವರಿ ಚಳಿಯಲ್ಲಿ ಓಡ್ತಿದ್ದ ಪೇಸನ್ನೇ, ಅಂದ್ರೆ ಅದೇ ವೇಗನೇ ಹಿಡ್ಕೊಂಡು ಹೊರಟೆ. ಮೊದಲ 4 ಕಿಲೋಮೀಟರ್ ರಾಜ. 6ಕ್ಕೆ ಬರೋ ಹೊತ್ತಿಗೆ ವಾಚಲ್ಲಿ ಹಾರ್ಟ್ ರೇಟ್ ನೋಡಿದ್ರೆ ಪೇಸ್ ಅದೇ ಇದೆ, ಎದೆ ಬಡಿತ ಮಾತ್ರ ಏರ್ತಾನೇ ಇದೆ. 7ರಲ್ಲಿ ನೀರಿನ ಟೇಬಲ್ ಇತ್ತು, ಟೇಬಲ್ ಮಾತ್ರ ಇತ್ತು, ನೀರು ಮುಗ್ದಿತ್ತು. ಆಮೇಲೆ ಒಂದು ವಿಚಿತ್ರ ಆಯ್ತು ಮಾರಾಯ, ಅಷ್ಟು ಸೆಖೆಯಲ್ಲಿ ನಂಗೆ ಚಳಿ ಆಯ್ತು. ತೋಳ ಮೇಲೆ ಕೂದಲೆಲ್ಲ ನಿಮಿರಿ ನಿಂತಿದೆ, ಮೈ ಜುಮ್ಮಂತಿದೆ. ಆಹಾ ಏನೋ ಸೆಕೆಂಡ್ ವಿಂಡ್, ಸುಸ್ತಾದ್ಮೇಲೆ ಮತ್ತೆ ಬರೋ ಹುಮ್ಮಸ್ಸು, ಬಂತು ಅನ್ಕೊಂಡು ಇನ್ನೂ ಜೋರು ಮಾಡೋಕೆ ಹೋದೆ.

ಹಿಂದಿಂದ ಮೇಷ್ಟ್ರು ಬಂದು ಕಾಲರ್ ಹಿಡ್ದು ಎಳೆದ್ರು. ನಿಜವಾಗ್ಲೂ ಕಾಲರ್. ರಸ್ತೆ ಪಕ್ಕ ಒಂದು ಮಾವಿನ ಮರದ ನೆರಳಲ್ಲಿ ಕೂರ್ಸಿ, ಅಂಗಡಿಯೋರ ಹತ್ರ ಒಂದು ಕೊಡ ನೀರು ಇಸ್ಕೊಂಡು ಟವಲ್ ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ ಇಟ್ರು, ಓಆರ್‌ಎಸ್ ಪ್ಯಾಕೆಟ್ ಅವ್ರ ಜೇಬಲ್ಲೇ ಇತ್ತು. ಬಿಸಿಲಲ್ಲಿ ಓಡೋವಾಗ ಚಳಿ ಬಂದ್ರೆ, ತಲೆ ಹಗುರ ಆದ್ರೆ, ಅಲ್ಲಿಗೆ ನಿಲ್ಸು, ಅದು ಮೈ ಇನ್ನು ನನ್ನಿಂದಾಗಲ್ಲ ಅನ್ನೋ ಲಕ್ಷಣ ಅಂದ್ರು. ಆಮೇಲೆ ಸಂಜೆ ಮನೆಗೆ ಬಂದು ಪಾಠನೂ ಮಾಡಿದ್ರು, ಹಳೇ ಅಭ್ಯಾಸ ಎಲ್ಲಿ ಹೋಗುತ್ತೆ. ಸೆಖೆಯಲ್ಲಿ ಹೃದಯಕ್ಕೆ ಎರಡು ಡ್ಯೂಟಿ, ಕಾಲಿನ ಸ್ನಾಯುಗೂ ರಕ್ತ ಕೊಡ್ಬೇಕು, ಮೈ ತಣ್ಣಗೆ ಇಡೋಕೆ ಚರ್ಮಕ್ಕೂ ಕಳಿಸ್ಬೇಕು, ಬೆವರು ಹೋದಷ್ಟೂ ರಕ್ತದಲ್ಲಿ ನೀರು ಕಮ್ಮಿ ಆಗುತ್ತೆ, ಆಗ ಅದೇ ಪೇಸಿಗೆ ಜಾಸ್ತಿ ಸಲ ಬಡೀಲೇಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ರಂತೂ ಬೆವರು ಆರೋದೇ ಇಲ್ಲ, ಸುಮ್ನೆ ತೊಟ್ಟಿಕ್ಕುತ್ತೆ, ಮೈ ತಣಿಯಲ್ಲ. ಓಆರ್‌ಎಸ್ ಸಿಗದಿದ್ರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಸಮ ಅಳತೆ, ಗೋಪುರ ಮಾಡ್ಬಾರ್ದು. ಬರೀ ನೀರನ್ನೇ ಲೀಟರ್‌ಗಟ್ಲೆ ಕುಡಿಯೋದೂ ಅಪಾಯನೇ, ರಕ್ತದಲ್ಲಿ ಉಪ್ಪಿನಂಶ ಇಳಿದು ಹೋಗುತ್ತೆ ಅಂದ್ರು. ಅಮ್ಮ ಅಡುಗೆ ಮನೆಯಿಂದ ಕೇಳಿಸ್ಕೊಂಡು "ಇದಕ್ಕೆಲ್ಲ ಪ್ಯಾಕೆಟ್ ಯಾಕೆ, ಅಪ್ಪೆಹುಳಿ ಮಾಡಿ ಕೊಟ್ರೆ ಆಯ್ತಪ್ಪ" ಅಂದ್ರು. ಯೋಚ್ನೆ ಮಾಡಿದ್ರೆ ನಿಜನೇ ಕಣೋ, ನೀರು, ಉಪ್ಪು, ಮಾವಿನಕಾಯಿ ಹುಳಿ. ಒಂದೇ ತೊಂದ್ರೆ, ಎರಡು ಲೋಟ ಕುಡಿದ್ರೆ ಮಧ್ಯಾಹ್ನ ಮೂರರ ತನಕ ಎಚ್ಚರ ಆಗಲ್ಲ.

ಹಾಗೆ ಮಾರ್ಚ್ ರೇಸು ಮುಗೀಲೇ ಇಲ್ಲ. ನನ್ನ ಜೀವನದ ಮೊದಲ ಅರ್ಧಕ್ಕೆ ಬಿಟ್ಟ ಓಟ. ಮೆಡಲ್ ಮಾತ್ರ ಹಿಂದಿನ ದಿನ ಬಿಬ್, ಅಂದ್ರೆ ಎದೆಗೆ ಹಚ್ಕೊಳ್ಳೋ ನಂಬರ್ ಚೀಟಿ, ಜೊತೆನೇ ಕೊಟ್ಟುಬಿಟ್ಟಿದ್ರು, ಓಡೋಕ್ ಮುಂಚೆ ಮೆಡಲ್ ಕೊಡೋ ಓಟ ಅದು, ಅದೀಗ ನಮ್ಮ ಕೊಟ್ಟಿಗೆ ಬಾಗಿಲಿಗೆ ನೇತಾಡ್ತಿದೆ.

ಅದಾದ್ಮೇಲೆ ಮೇಷ್ಟ್ರ ಸ್ಕೀಮು ಶುರು. ಸೆಖೆಗೆ ಮೈ ಒಗ್ಗೋಕೆ ಹತ್ತು ಹದಿನಾಲ್ಕು ದಿನ ಬೇಕು, ಅಷ್ಟು ದಿನ ವಾಚ್ ನೋಡೋ ಹಾಗಿಲ್ಲ, ಪಕ್ಕದೋರ ಜೊತೆ ಮಾತಾಡ್ಕೊಂಡು ಓಡೋಕಾದ್ರೆ ಓಡು, ಆಗ್ಲಿಲ್ಲ ಅಂದ್ರೆ ನಡಿ. ನಾನು ಮಾತಾಡೋಕೆ ಏನ್ ಕಮ್ಮಿನಾ, ಅಡಿಕೆ ರೇಟಿಂದ ಹಿಡಿದು ಮಗಳ ಎಸ್ಸೆಸ್ಸೆಲ್ಸಿ ತನಕ ಎಲ್ಲ ಮಾತಾಡ್ಕೊಂಡು ಚಾನಲ್ ಏರಿ ಮೇಲೆ ಓಡಿದ್ವಿ. ಭಾನುವಾರ ಗಾಜನೂರು ಕಡೆ ಲಾಂಗ್ ರನ್ನು. ಒಂದ್ಸಲ ಹಾಗೇ ಮುಂದುವರ್ಸಿ ಸಕ್ರೆಬೈಲು ತನಕ ಹೋದ್ವಿ, ಊರಿಂದ 14 ಕಿಲೋಮೀಟರ್ ಆಗುತ್ತೆ, ಆನೆಗಳನ್ನ ತುಂಗೆ ಹಿನ್ನೀರಿಗೆ ಸ್ನಾನಕ್ಕೆ ಇಳಿಸ್ತಿದ್ರು. ನಾನು ಬೆವರಲ್ಲಿ ತೊಯ್ದು ನಿಂತಿದೀನಿ, ಆನೆ ನೀರಲ್ಲಿ ಪಕ್ಕಕ್ಕೆ ಮಲ್ಕೊಂಡು ಕಣ್ಣು ಮುಚ್ಕೊಂಡಿದೆ, ಮಾವುತ ಅದ್ರ ಮೈ ಉಜ್ತಾ ಇದಾನೆ. ಆ ಹೊಟ್ಟೆಕಿಚ್ಚು ಇವತ್ತಿಗೂ ಹೋಗಿಲ್ಲ ನಂಗೆ. ವಾಪಸ್ ತೀರ್ಥಹಳ್ಳಿ ಕಡೆಯಿಂದ ಬಂದ ಬಸ್ಸಲ್ಲಿ ನಿಂತ್ಕೊಂಡೇ ಬಂದ್ವಿ, ಕಂಡಕ್ಟರ್ ಸೀಟು ಖಾಲಿ ಇದೆ ಕೂರಿ ಅಂದ್ರೂ ಕೂರ್ಲಿಲ್ಲ, ಕೂತ್ರೆ ಸೀಟು ಒದ್ದೆ.

ಸರಿ, ಈಗ ಬೆಂಗಳೂರು. ಶನಿವಾರ ಬೆಳಗಿನ ಜನಶತಾಬ್ದಿ ಹತ್ತಿ ಹೋದೆ, ಬಿಬ್ಬು ಹಿಂದಿನ ದಿನಾನೇ ತಗೋಬೇಕಲ್ಲ. ತಂಗಿ ಮನೇಲಿ ಉಳ್ಕೊಂಡೆ, ರಾತ್ರಿ ಅವ್ಳು ಬಿಸಿಬೇಳೆಬಾತ್ ಮಾಡಿ ಬಡಿಸಿದ್ದಷ್ಟೂ ತಿಂದೆ, ತಪ್ಪು. ಟಿಸಿಎಸ್ ವರ್ಲ್ಡ್ 10ಕೆ ನಿಂಗೇನ್ ಹೊಸದಲ್ಲ, 2019ರಲ್ಲಿ ನಾವಿಬ್ರೂ ಹೋಗಿದ್ವಿ, ನೀನು 55 ನಿಮಿಷ 48 ಸೆಕೆಂಡ್ ಮಾಡಿದ್ದೆ, ಆ ನಂಬರ್ ನೀನು ಮರೆತಿರಬಹುದು ನಾನು ಮರೆತಿಲ್ಲ, ಯಾಕಂದ್ರೆ ಅವತ್ತು ನಾನು ಒಂದು ಗಂಟೆ ಎರಡು ನಿಮಿಷ. ಆರು ವರ್ಷದಿಂದ ನನ್ನ ತಲೆಯಲ್ಲಿ ಕೂತಿರೋ ನಂಬರ್ ಅದು. ಮಾಣಿಕ್‌ಷಾ ಪರೇಡ್ ಗ್ರೌಂಡಲ್ಲಿ ಕತ್ತಲಿರೋವಾಗ್ಲೇ ಜನ ಜಾತ್ರೆ. ಸುತ್ತ ಮುತ್ತ ಕನ್ನಡ, ತಮಿಳು, ಹಿಂದಿ, ಮೂವ್ ಸ್ಪ್ರೇ ವಾಸನೆ, ಅದೆಲ್ಲ ಹಾಗೇ ಇದೆ. ಈ ಸಲ ನಾನು ಬುದ್ಧಿವಂತ, ಮೊದಲ 3 ಕಿಲೋಮೀಟರ್ ಬೇಕಂತಲೇ ನಿಧಾನ ಓಡ್ದೆ, ಹಲಸೂರು ಕೆರೆ ಕಡೆ ಗಾಳಿ ಸ್ವಲ್ಪ ತಂಪಿತ್ತು, ಆಮೇಲೆ ಒಬ್ಬೊಬ್ರನ್ನೇ ದಾಟ್ತಾ ಬಂದೆ. 8ರಲ್ಲಿ ವಾಚ್ ನೋಡಿ ಲೆಕ್ಕ ಹಾಕ್ದೆ, ಆಗುತ್ತೆ ಅನ್ನಿಸ್ತು. 9ರಲ್ಲಿ ಬಿಸಿಬೇಳೆಬಾತ್ ನೆನಪಾಯ್ತು. ಬಲ ಪಕ್ಕೆಯಲ್ಲಿ ಹಿಡ್ಕೊಂಡಿತು ನೋಡು, ಬಗ್ಗಿ ನಿಲ್ಬೇಕಾಯ್ತು, ಎಷ್ಟು ಹೊತ್ತು, ಅರ್ಧ ನಿಮಿಷ ಇರ್ಬೋದು.

56 ನಿಮಿಷ 20 ಸೆಕೆಂಡ್.

ತಗೋ, ಹೇಳ್ದೆ. 32 ಸೆಕೆಂಡಲ್ಲಿ ನೀನೇ ಗೆದ್ದೆ, ಅದೂ ಪುಣೆಯಲ್ಲಿ ಸೋಫಾ ಮೇಲೆ ಕಾಲು ಎತ್ತಿಟ್ಕೊಂಡು. ಅವತ್ತು ಗಂಡಸರ ಎಲೀಟ್ ರೇಸ್ ಗೆದ್ದಿದ್ದು ಉಗಾಂಡದ ಜೋಶುವಾ ಚೆಪ್ಟೆಗೈ, 5,000 ಮೀಟರ್ರು 10,000 ಮೀಟರ್ರು ಎರಡರ ವಿಶ್ವ ದಾಖಲೆನೂ ಅವನ ಹೆಸರಲ್ಲೇ ಇದೆ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000ಕ್ಕೆ ಚಿನ್ನ. ಇಲ್ಲಿ 27 ನಿಮಿಷ 53 ಸೆಕೆಂಡಿಗೆ ಮುಗಿಸ್ದ. ನಾನು ವಾಚಲ್ಲಿ ನೋಡ್ದೆ, ಅಷ್ಟು ಹೊತ್ತಲ್ಲಿ ನಾನು 5 ಕಿಲೋಮೀಟರ್ ಬೋರ್ಡ್ ಕೂಡ ಮುಟ್ಟಿರ್ಲಿಲ್ಲ. ಅವನ ಹತ್ರ ಸೋತಿದ್ದಕ್ಕೆ ಬೇಜಾರಿಲ್ಲ ಕಣೋ, ನಿನ್ನ ಹತ್ರ ಸೋತಿದ್ದು ಬೇಜಾರು. ಯಾಕೆ ಹೇಳ್ಲಿಲ್ಲ ಅಂದ್ರೆ ಇನ್ನೊಂದು ಕಾರಣನೂ ಇತ್ತು. ನಿನ್ನ ಮೊಣಕಾಲಿನ ವಿಷಯ ನೀನು ಜಾಸ್ತಿ ಹೇಳಿಲ್ಲ, ಮೆನಿಸ್ಕಸ್, ಮೊಣಕಾಲ ಒಳಗಿನ ಮೆತ್ತೆ, ಹರಿದಿದೆ, ಡಾಕ್ಟ್ರು ಓಡ್ಬೇಡ ಅಂದಿದಾರೆ ಅಂತಷ್ಟೇ ಹೇಳಿ ಮಾತು ತಿರುಗ್ಸಿದ್ದೆ. ಅಂಥವನಿಗೆ ನಿನ್ನ ದಾಖಲೆ ಮುರಿದೆ ಅಂತ ಹೇಳೋದೂ ಕಷ್ಟ, ಮುರಿಯೋಕಾಗ್ಲಿಲ್ಲ ಅಂತ ಹೇಳೋದೂ ಕಷ್ಟ. ಅದಕ್ಕೇ ನೆಟ್‌ವರ್ಕ್ ಮೇಲೆ ಹಾಕ್ದೆ.

ಬೆಂಗಳೂರು ಆದ್ಮೇಲೆ ಮೇಷ್ಟ್ರು "ಡಾಂಬರ್ ಸಾಕು, ಬೆಟ್ಟಕ್ಕೆ ಹೋಗಣ" ಅಂದ್ರು. ಮೇ 10ಕ್ಕೆ ನಾವಿಬ್ರು, ಜೊತೆಗೆ ಸ್ಟೇಡಿಯಂ ಬ್ಯಾಚಿನ ಇಬ್ರು ಹುಡುಗ್ರು, ಒಟ್ಟು ನಾಲ್ಕು ಜನ ಕೊಡಚಾದ್ರಿಗೆ ಹೊರಟ್ವಿ. ದಾರಿಯಲ್ಲಿ ಹೊನ್ನೆಮರಡು ಕಡೆ ಒಂದು ಸಂಜೆ ಉಳಿದು, ಮೊದಲೇ ಮಾತಾಡಿ ಇಟ್ಟಿದ್ವಿ, ಲೈಫ್ ಜಾಕೆಟ್ ಹಾಕ್ಕೊಂಡು ಕಯಾಕ್ ಹೊಡೆದ್ವಿ. ಲಿಂಗನಮಕ್ಕಿ ಹಿನ್ನೀರು ಬೇಸಿಗೆಯಲ್ಲಿ ಇಳಿದಿರುತ್ತಲ್ಲ, 1964ರಲ್ಲಿ ಡ್ಯಾಮಿಗೆ ಮುಳುಗಿದ ಕಾಡಿನ ಬೊಡ್ಡೆಗಳು ಕರ್ರಗೆ ಎದ್ದು ನಿಂತಿರ್ತವೆ, ಅವುಗಳ ಮಧ್ಯೆ ಹುಟ್ಟು ಹಾಕೋದು. ನಮ್ಮಜ್ಜಿ ತವರಿನ ಕಡೆಯೋರ ಗದ್ದೆನೂ ಆ ನೀರಲ್ಲೇ ಎಲ್ಲೋ ಇದೆ ಅಂತ ಅಮ್ಮ ಹೇಳ್ತಿರ್ತಾರೆ. ಹುಡುಗ್ರು ರೀಲ್ಸ್ ಮಾಡ್ತಿದ್ರು, ನಾನು ಸುಮ್ನೆ ನೀರು ನೋಡ್ಕೊಂಡು ಕೂತಿದ್ದೆ. ಮಾರನೇ ದಿನ ಲಾಂಚಲ್ಲಿ ದಾಟಿ ತುಮರಿ ಮೇಲೆ ಹೋದ್ವಿ, ಪಕ್ಕದಲ್ಲೇ ಹೊಸ ಸೇತುವೆ ಹೆಚ್ಚು ಕಮ್ಮಿ ರೆಡಿ ಆಗಿ ನಿಂತಿತ್ತು, ಅದು ಶುರು ಆದ್ರೆ ಲಾಂಚಿಗೆ ಕಾಯ್ತಾ ಸೌತೆಕಾಯಿ ತಿನ್ನೋ ಕಥೆ ಮುಗೀತು. ಆ ದಾರಿ ಜನ ಎಷ್ಟು ವರ್ಷ ಕಾದಿದಾರೆ, ಅವ್ರಿಗೆ ಬೇಕೇ ಬೇಕು, ನನಗೆ ಸೌತೆಕಾಯಿ ಚಿಂತೆ.

ಕಾಡಿಗೆ ಕಾಲಿಡೋಕ್ ಮುಂಚೆ ಮೇಷ್ಟ್ರು ಎಲ್ರನ್ನೂ ಸಾಲಾಗಿ ನಿಲ್ಸಿ ಎಣ್ಣೆ ಹಚ್ಚಿಸಿದ್ರು. ಮಂಗನ ಕಾಯಿಲೆ ಎಣ್ಣೆ ಕಣೋ, ಆರೋಗ್ಯ ಇಲಾಖೆಯೋರು ಹಳ್ಳಿಗಳಲ್ಲಿ ಹಂಚ್ತಾರಲ್ಲ, ಡೇಪಾ. ಸಿಟಿಯಿಂದ ಬರೋ ಟ್ರೆಕ್ಕಿಂಗ್ ಜನಕ್ಕೆ ಇದ್ರ ಪರಿವೆನೇ ಇರಲ್ಲ, ಚಡ್ಡಿ ಹಾಕ್ಕೊಂಡು ಎಲೆ ರಾಶಿ ಮೇಲೆ ಮಲ್ಕೊಂಡು ಫೋಟೋ ತೆಗಿಸ್ಕೊಳ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಅದಕ್ಕೇ ಇಂಗ್ಲಿಷಲ್ಲೂ ಅದೇ ಹೆಸರು. ಹರಡೋದು ಉಣುಗಿಂದ, ಚಳಿಗಾಲದಿಂದ ಹಿಡಿದು ಮಳೆ ಬೀಳೋ ತನಕ, ಅಂದ್ರೆ ಸರಿಯಾಗಿ ನಾವು ಕಾಡು ಸುತ್ತೋ ಸೀಸನ್ನೇ. 2019ರಲ್ಲಿ ಅರಳಗೋಡಲ್ಲಿ ಈ ಕಾಯಿಲೆಯಿಂದ ಏನಾಯ್ತು ಅಂತ ಸಾಗರದೋರನ್ನ ಕೇಳ್ಬೇಕು, ನಮ್ಮ ಮಂಡಿಗೆ ಬರ್ತಿದ್ದ ಒಬ್ರು ಆ ವರ್ಷ ಬರ್ಲೇ ಇಲ್ಲ. ಹಾಗಾಗಿ ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಕಾಲುಚೀಲ, ನೋಡೋಕೆ ಸರ್ಕಸ್ ಕಂಪನಿ. ಮಂಗ ಸತ್ತು ಬಿದ್ದಿರೋ ಕಡೆ ಹೋಗ್ಲೇಬಾರ್ದು, ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಕುದಿಯೋ ನೀರಿಗೆ. ಹುಡುಗ್ರು ನಗ್ತಿದ್ರು, ಮೇಷ್ಟ್ರು ವಿಸಿಲ್ ತರ ಬಾಯಲ್ಲೇ ಒಂದು ಸದ್ದು ಮಾಡಿದ್ರು, ಸುಮ್ನಾದ್ರು.

ನಿಟ್ಟೂರು ಕಡೆಯಿಂದ ಫಾರೆಸ್ಟ್‌ನೋರ ಹತ್ರ ಚೀಟಿ ಮಾಡ್ಸಿ ಹಿಡ್ಲುಮನೆ ಮೇಲೆ ಹತ್ತಿದ್ವಿ. ಜಲಪಾತದಲ್ಲಿ ಮೇ ತಿಂಗಳ ನೀರು ಅಂದ್ರೆ ನಲ್ಲಿ ಸ್ವಲ್ಪ ಬಿಟ್ಟ ಹಾಗೆ, ಆದ್ರೂ ಬಂಡೆ ಪಾಚಿ ಜಾರುತ್ತೆ. ನಾನು ಮತ್ತೆ ಹುಡುಗ್ರು ಓಡಿ ಹತ್ತೋ ಉಮೇದಲ್ಲಿ ಹೋದ್ವಿ. ಮೇಷ್ಟ್ರು ಓಡ್ಲಿಲ್ಲ. ಮೊಣಕಾಲ ಮೇಲೆ ಕೈ ಊರಿ, ಸೊಂಟ ಸ್ವಲ್ಪ ಬಗ್ಗಿಸಿ, ಗದ್ದೆ ಅಂಚಲ್ಲಿ ಹೋಗೋರ ತರ ಪುಟ್ಟ ಪುಟ್ಟ ಹೆಜ್ಜೆ. ನಾವು ಇನ್ನೂರು ಮೀಟರ್ ಓಡೋದು, ಎದೆ ಬಾಯಿಗೆ ಬಂತು ಅಂತ ನಿಲ್ಲೋದು, ಅಷ್ಟರಲ್ಲಿ ಅವ್ರು ಪಕ್ಕದಲ್ಲಿ ಹಾದು ಹೋಗೋದು, "ಎಂತ, ಫೋಟೋ ತೆಗೀತಿದೀರ?" ಅನ್ನೋದು. ಇದು ನಾಲ್ಕೈದು ಸಲ ಆಯ್ತು. ಶೋಲಾ ಕಾಡು ಮುಗಿದು ಹುಲ್ಲುಗಾವಲು ಬರೋ ಹೊತ್ತಿಗೆ ಅವ್ರು ಮುಂದೆ, ನಾವು ಹಿಂದೆ. ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ರ ಅವ್ರು ಶೂ ಬಿಚ್ಚಿಟ್ಟು, ಮುಖ ತೊಳ್ಕೊಂಡು, ಕೈ ಮುಗಿದು, ಒಂದು ಬಾಳೆಹಣ್ಣು ತಿಂದು ಮುಗಿಸಿದ್ರು, ಆಮೇಲೆ ನಾವು ಬಂದಿದ್ದು. ಏರಲ್ಲಿ ಓಡೋದಕ್ಕೂ ಜೋರಾಗಿ ನಡೆಯೋದಕ್ಕೂ ವೇಗದಲ್ಲಿ ಅಷ್ಟೇನು ವ್ಯತ್ಯಾಸ ಇಲ್ಲ, ಖರ್ಚಲ್ಲಿ ವ್ಯತ್ಯಾಸ ಇದೆ ಅಂದ್ರು. ಮಂಡಿ ಲೆಕ್ಕ ಬರೆಯೋ ನಂಗೆ ಈ ಭಾಷೆ ತಕ್ಷಣ ತಲೆಗೆ ಹೋಯ್ತು.

ತುದಿ 1343 ಮೀಟರ್. ಸರ್ವಜ್ಞ ಪೀಠದ ಕಲ್ಲು ಮಂಟಪದ ಪಕ್ಕ ಗಾಳಿಗೆ ಕೂತು ಅಕ್ಕಿ ರೊಟ್ಟಿ, ಅಪ್ಪೆಮಿಡಿ. ಸಮುದ್ರ ಕಾಣುತ್ತೆ ಅಂತಾರೆ, ಅವತ್ತು ಮಬ್ಬು, ಏನೂ ಕಾಣ್ಲಿಲ್ಲ, ಹುಡುಗ್ರು ಕಾಣ್ತು ಅಂತ ವಾದ ಮಾಡಿದ್ರು, ಇರ್ಲಿ.

ಇಳಿಯೋವಾಗ ನನ್ನ ಅಹಂಕಾರ ಬಿಡ್ಬೇಕಲ್ಲ. ಹತ್ತೋದ್ರಲ್ಲಿ ಸೋತೆ, ಇಳಿಯೋದ್ರಲ್ಲಿ ತೋರಿಸ್ತೀನಿ ಅಂತ ಜೀಪ್ ರೋಡ್ ಹಿಡ್ದು ಬಿಟ್ಟೆ ನೋಡು. ಆ ರಸ್ತೆ ನಿಂಗೊತ್ತು, ರಸ್ತೆ ಅಂತ ಕರೆಯೋದೇ ಜೀಪ್‌ನೋರ ದೊಡ್ಡತನ. ಎರಡು ಕಿಲೋಮೀಟರ್ ಹಕ್ಕಿ ತರ ಹಾರಿದೆ. ಒಂದು ತಿರುವಲ್ಲಿ ಧೂಳೆಬ್ಬಿಸ್ಕೊಂಡು ಜೀಪ್ ಬಂತು, ಪಕ್ಕಕ್ಕೆ ಸರಿದೆ, ಉರುಟು ಕಲ್ಲಿನ ಮೇಲೆ ಎಡಗಾಲು, ಚಟ್ ಅಂತ ಸದ್ದು ನಂಗೇ ಕೇಳಿಸ್ತು. ಜೀಪಿನೋರೇ ಪಾಪ ನಿಲ್ಸಿ ಹತ್ತಿಸ್ಕೊಂಡ್ರು. ನಾಲ್ಕು ಚಕ್ರದಲ್ಲಿ ಮೂರು ನೆಲಕ್ಕೆ ತಾಗ್ತಿದ್ವೋ ಇಲ್ವೋ, ಓಡೋದಕ್ಕಿಂತ ಜೀಪಲ್ಲೇ ನಂಗೆ ಜಾಸ್ತಿ ಜೀವ ಹೋಯ್ತು. ಕೆಳಗೆ ಒಂದು ಮನೆಯೋರು ಜಗುಲಿ ಮೇಲೆ ಕೂರ್ಸಿ, ಹೆಸರು ಕೇಳೋಕ್ ಮುಂಚೆ ಬೆಲ್ಲ ನೀರು ಕೊಟ್ರು, ಆಮೇಲೆ ಪಾದಕ್ಕೆ ಬಾವಿ ನೀರು ಸುರಿದ್ರು, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ತಿತ್ತು, ಅದನ್ನ ಕಾಯೋ ಕೆಲಸ ನಂಗೆ ಕೊಟ್ರು, ಕೋಲು ಹಿಡ್ಕೊಂಡು ಕಾಗೆ ಓಡಿಸ್ತಾ ಕೂತೆ.

ಎಕ್ಸ್‌ರೇ ಮಾಡ್ಸಿದೆ, ಮೂಳೆ ಸರಿ ಇದೆ, ಲಿಗಮೆಂಟ್ ಎಳೆದಿದೆ ಅಂದ್ರು. ಅದಕ್ಕಿಂತ ಮಜಾ ಏನಂದ್ರೆ ಎರಡನೇ ದಿನ ತೊಡೆ. ಇಳಿಜಾರಲ್ಲಿ ತೊಡೆ ಸ್ನಾಯು ಒಂದು ಕಡೆ ಉದ್ದ ಆಗ್ತಾನೇ ಇನ್ನೊಂದು ಕಡೆ ಮೈ ಭಾರಕ್ಕೆ ಬ್ರೇಕ್ ಹಿಡೀಬೇಕಂತೆ, ಅದಕ್ಕೇ ಹತ್ತೋದಕ್ಕಿಂತ ಇಳಿಯೋದೇ ಹೆಚ್ಚು ಹೊಡೆಯೋದು, ನೋವು ಪೂರ್ತಿ ಏರೋಕೆ ಒಂದೆರಡು ದಿನ ಬೇಕು. ಮೆಟ್ಟಿಲು ಹಿಂದು ಮುಂದಾಗಿ ಇಳೀತಿದ್ದೆ. ಇಂಡಿಯನ್ ಟಾಯ್ಲೆಟ್ ವಿಷಯ ಬೇಡ. ಮಗಳು ವಿಡಿಯೋ ಮಾಡಿದಾಳೆ, ನಿಂಗೆ ಕಳಿಸ್ಬೇಡ ಅಂತ ಹೇಳಿದೀನಿ, ಕಳಿಸಿರ್ತಾಳೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೇಸಿಗೆ ಕೊನೆ ಕಾರ್ಯಕ್ರಮ ಅಂತ ಆಗುಂಬೆ ಘಾಟಿಯನ್ನ ಕೆಳಗಿಂದ ಮೇಲಕ್ಕೆ ಓಡಿ ಹತ್ತೋದು ಅಂತ ಮೊದಲೇ ಇಟ್ಕೊಂಡಿದ್ವಿ, ಮೇ 25, ಭಾನುವಾರ. ಕಾಲು ಊದಿರೋನು ಏನ್ ಬರ್ತೀಯ ಅಂತ ಹೆಂಡ್ತಿ, ಅಮ್ಮ, ಮಗಳು ಮೂರೂ ಜನ. ಮೇಷ್ಟ್ರು ಮಾತ್ರ "ಓಡೋದು ಬೇಡ, ನಡೀತೀಯ?" ಅಂದ್ರು. ಅಷ್ಟರಲ್ಲಿ ಮುಂಗಾರು ಬೇರೆ, ಜೂನ್ 1ಕ್ಕೆ ಕೇರಳಕ್ಕೆ ಬರ್ಬೇಕಾದ್ದು ಈ ಸಲ ಮೇ 24ಕ್ಕೇ ಬಂದು ಕೂತಿತ್ತು. ನಾವು ಉಡುಪಿ ಬಸ್ ಹತ್ತಿ ಘಾಟಿ ಇಳಿದು ಸೋಮೇಶ್ವರದಲ್ಲಿ ಇಳಿಯೋ ಹೊತ್ತಿಗೆ ಆಕಾಶ ಇಲ್ಲ, ಬರೀ ನೀರು. ಹುಡುಗ್ರು ಬರ್ಲಿಲ್ಲ, ಜಾಣರು. ಕಾಲಿಗೆ ಕ್ರೇಪ್ ಬ್ಯಾಂಡೇಜು, ಮೈಮೇಲೆ ರೋಡ್ ಕೆಲಸದೋರು ಹಾಕೋ ಹೊಳೆಯೋ ಜಾಕೆಟ್ಟು, ಕೈಯಲ್ಲಿ ಕೊಡೆ. ಓಟಗಾರ ಅಂತ ಯಾರಾದ್ರೂ ಹೇಳಿದ್ರೆ ನಾನೇ ನಂಬ್ತಿರ್ಲಿಲ್ಲ.

ಆ ಘಾಟಿಲಿ ನಾನು ಎಷ್ಟು ಸಲ ಓಡಾಡಿದೀನಿ ಲೆಕ್ಕ ಇಲ್ಲ, ಮಣಿಪಾಲ ಆಸ್ಪತ್ರೆಗೆ ಅಪ್ಪನ್ನ ಕರ್ಕೊಂಡು ಹೋಗ್ತಿದ್ದಾಗ ವಾರಕ್ಕೆರಡು ಸಲ. 14 ತಿರುವು ಅಂತ ಗೊತ್ತಿತ್ತು, ಒಂದೊಂದೂ ಬೇರೆ ಬೇರೆ ಅಂತ ಗೊತ್ತಿರ್ಲಿಲ್ಲ. ಒಂದು ತಿರುವಲ್ಲಿ ನೀರು ರಸ್ತೆ ಮೇಲಿಂದ್ಲೇ ದಾಟಿ ಹೋಗುತ್ತೆ, ಇನ್ನೊಂದ್ರಲ್ಲಿ ಗೋಡೆ ತುಂಬ ಜರಿಗಿಡ, ಮಗದೊಂದ್ರಲ್ಲಿ ಮಂಜು ಎಷ್ಟು ಅಂದ್ರೆ ಮಿನಿ ಬಸ್ಸಿನ ಹಾರ್ನ್ ಬರುತ್ತೆ ಬಸ್ ಬರಲ್ಲ. ನಾವು ಗೋಡೆಗೆ ಒತ್ಕೊಂಡು ನಿಂತು ದಾರಿ ಬಿಡ್ತಿದ್ವಿ. ಕಪ್ಪೆಗಳು ಒಂದೊಂದು ಒಂದೊಂದು ರಾಗ. ಏಳನೇ ತಿರುವೋ ಎಂಟನೆಯದೋ, ಮೇಷ್ಟ್ರು ಕೈ ಹಿಡಿದು ನಿಲ್ಸಿದ್ರು. ಮೇಲೆ ಕೊಂಬೆಯಲ್ಲಿ ಕರಿ ಮೈ, ಮುಖದ ಸುತ್ತ ನರೆತ ಗಡ್ಡ, ಸಿಂಗಳೀಕ. ಒಂದಲ್ಲ, ನಾಲ್ಕು. ಬಿಸ್ಕತ್ತಿಗೆ ಕೈ ಚಾಚೋ ರಸ್ತೆ ಮಂಗಗಳಲ್ಲ, ಮಳೆಯಲ್ಲಿ ಮುದುಡಿ ಕೂತು ನಮ್ಮನ್ನೇ ನೋಡ್ತಿದ್ವು. ಒಂದು ಮರಿ ಅಮ್ಮನ ಹೊಟ್ಟೆ ಒಳಗಿಂದ ಮುಖ ಹೊರಗೆ ಹಾಕಿತ್ತು. 41 ವರ್ಷ ಈ ಸೀಮೆಯಲ್ಲೇ ಹುಟ್ಟಿ ಬೆಳ್ದು ನಾನು ಅವನ್ನ ಕಾಡಲ್ಲಿ ನೋಡಿದ್ದು ಅವತ್ತೇ ಮೊದಲು. ಓಡಿದ್ರೆ ಕಾಣ್ತಿರ್ಲಿಲ್ಲ, ಬಿಡು, ಈ ಮಾತು ಯಾರು ಬೇಕಾದ್ರೂ ಹೇಳ್ತಾರೆ, ಕಾಲು ಉಳುಕದೆ ಇದ್ದಿದ್ರೆ ನಾನು ಖಂಡಿತ ಓಡಿರ್ತಿದ್ದೆ.

ಅಲ್ಲೇ ನಿಂತಾಗ ಮೇಷ್ಟ್ರು ಒಂದು ವಿಷಯ ಹೇಳಿದ್ರು. ಅವ್ರ ಬಲ ಮೊಣಕಾಲಿಗೆ ಹನ್ನೊಂದು ವರ್ಷದ ಹಿಂದೆ ಆಪರೇಷನ್ ಆಗಿದೆಯಂತೆ, ನಿಂದೇ ತರ ಮೆನಿಸ್ಕಸ್ಸು. ಅದಕ್ಕೇ ಏರು ಬಂದ್ರೆ ನಡೀತಾರೆ, ಇಳಿಜಾರು ಬಂದ್ರೆ ಇನ್ನೂ ನಿಧಾನ. ಮೂರು ತಿಂಗಳು ದಿನಾ ಜೊತೆ ಓಡಿದೀನಿ, ಆ ಗುರುತು ನಾನು ನೋಡೇ ಇಲ್ಲ, ಎಣ್ಣೆ ಹಚ್ಚೋವಾಗ್ಲೂ ನೋಡಿಲ್ಲ. ನಿನ್ನ ವಿಷಯ ಹೇಳ್ದೆ. "ಅವನಾ? ಆ ಉದ್ದ ಕಾಲಿನೋನಾ? ಡಾಕ್ಟ್ರು ಓಡ್ಬೇಡ ಅಂದಿದಾರೆ, ನಡೀಬೇಡ ಅಂದಿದಾರಾ ಕೇಳು" ಅಂದ್ರು. ಕೇಳ್ತಿದೀನಿ. ನಿನ್ನ ಮೊಣಕಾಲು ಮೇಷ್ಟ್ರ ಮೊಣಕಾಲಲ್ಲ ಅಂತ ಗೊತ್ತು, ನಿನ್ನ ಡಾಕ್ಟ್ರು ನಿನ್ನ ಸ್ಕ್ಯಾನ್ ನೋಡಿದಾರೆ ನಾವು ನೋಡಿಲ್ಲ, ಹಾಗಾಗಿ ಅವ್ರನ್ನೇ ಕೇಳ್ಕೊಂಡು ಹೇಳು.

ಆಗುಂಬೆ ಪೇಟೆಗೆ ಬಂದು ತಲುಪೋಕೆ ಮೂರು ಗಂಟೆ ಮೇಲಾಯ್ತು, ಹತ್ತು ಹನ್ನೆರಡು ಕಿಲೋಮೀಟರಿಗೆ. ಸೂರ್ಯಾಸ್ತದ ಕಟ್ಟೆಯಲ್ಲಿ ಸೂರ್ಯನೂ ಇಲ್ಲ ಅಸ್ತನೂ ಇಲ್ಲ, ಕೈ ಚಾಚಿದ್ರೆ ಕೈ ಕಾಣಲ್ಲ. ಹೋಟ್ಲಲ್ಲಿ ಬಿಸಿ ಬಿಸಿ ಬನ್ಸು, ಕಷಾಯ. ಶೂ ಬಿಚ್ಚಿದ್ರೆ ಬ್ಯಾಂಡೇಜ್ ಒಳಗೆ ಎರಡು ಇಂಬಳ, ನನ್ನ ರಕ್ತ ಕುಡಿದು ದ್ರಾಕ್ಷಿ ಆಗಿವೆ. ಹೋಟ್ಲಿನೋರು ಸುಣ್ಣ ಕೊಟ್ರು, "ಎಲ್ಲಿಂದ ನಡ್ಕೊಂಡ್ ಬಂದ್ರಿ?" ಅಂದ್ರು, ಸೋಮೇಶ್ವರದಿಂದ ಅಂದೆ, "ಬಸ್ ಇರ್ಲಿಲ್ವಾ?" ಅಂದ್ರು.

ಈಗ ಕಾಲು ಪರ್ವಾಗಿಲ್ಲ. ಹಲ್ಲುಜ್ಜೋವಾಗ ಒಂಟಿ ಕಾಲಲ್ಲಿ ನಿಲ್ಲೋ ವ್ಯಾಯಾಮ ಹೇಳಿದಾರೆ, ಬಚ್ಚಲಲ್ಲಿ ಕೊಕ್ಕರೆ ತರ ನಿಲ್ತೀನಿ, ಅಮ್ಮ ಒಲೆ ಹತ್ರ ನನ್ನ ಶೂ ಒಣಗ್ಸೋಕೆ ಇಟ್ಟಿದಾರೆ, ವಾಸನೆಗೆ ಬೈತಾ ಇದಾರೆ.

ಡಿಸೆಂಬರಲ್ಲಿ ಬಾ. ಕವಲೇದುರ್ಗಕ್ಕೆ ಹೋಗೋಣ, ಕೆಳದಿ ನಾಯಕರ ಕೋಟೆ, ದಾರಿ ಪೂರ್ತಿ ಕಲ್ಲು ಹಾಸಿದಾರೆ, ಒಂದೊಂದು ಬಾಗಿಲು ದಾಟಿದ ಮೇಲೂ ಕೂತು ರೆಸ್ಟ್ ತಗೋಬಹುದು, ನಾಯಕರ ಕಾಲದ ಕುದುರೆಗಳೇ ಹತ್ತಿವೆ, ನೀನು ಹತ್ತಲ್ವಾ. ಮೇಷ್ಟ್ರು ಬರ್ತಾರೆ. ನೀನು ಬಿಟ್ಟು ಹೋದ ಹಳೇ ಶೂ ನಮ್ಮನೆ ಅಟ್ಟದಲ್ಲೇ ಇದೆ, ಒಂದು ಲೇಸು ಇಲಿ ತಿಂದಿತ್ತು, ಗಾಂಧಿ ಬಜಾರಲ್ಲಿ ಹೊಸದು ತಂದು ಹಾಕಿದೀನಿ, ಬಣ್ಣ ಮ್ಯಾಚ್ ಆಗಿಲ್ಲ. ಅಮ್ಮ ಅಪ್ಪೆಮಿಡಿ ಒಂದು ಭರಣಿ ನಿಂಗೆ ಅಂತ ತೆಗೆದಿಟ್ಟಿದಾರೆ, ಅದನ್ನ ಕೊರಿಯರ್ ಮಾಡಲ್ಲ, ಬಂದು ತಗೊಂಡ್ ಹೋಗು.

ನಾಳೆ ಬೆಳಿಗ್ಗೆ ಐದೂ ಹತ್ತಕ್ಕೆ ಮಿಸ್ಡ್ ಕಾಲ್ ಕೊಡ್ತೀನಿ. ಎತ್ಬೇಡ, ಕಟ್ ಮಾಡು ಸಾಕು, ಎದ್ದಿದೀಯ ಅಂತ ಗೊತ್ತಾಗುತ್ತೆ.

ನಿನ್ನ,
32 ಸೆಕೆಂಡ್ ಹಿಂದೆ ಇರೋನು